ಬೆಣಚುಕಲ್ಲಿನ ಪಲ್ಲಟ: ಒಂದು ಪಾಠ, ಒಂದು ಪತ್ರ, ಒಂದು ತಪ್ಪು

ಕೂಡ್ಲಿಗಿಯಿಂದ ಗುಡೇಕೋಟೆಯ ಕಡೆಗೆ ಹೋಗುವಾಗ ಕಾಣುವ ಬಂಡೆಗುಡ್ಡಗಳನ್ನು ನೀವು ನೋಡಿರಬಹುದು. ಕಲ್ಲಿನ ಕೆಲಸ ಬಲ್ಲವರು ಬಂಡೆಯನ್ನು ಸುತ್ತಿಗೆಯಿಂದ ಒಮ್ಮೆ ತಟ್ಟಿ, ಸದ್ದು ಕೇಳಿ, ಒಳಗೆ ಸೀಳು ಇದೆಯೇ ಇಲ್ಲವೇ ಎಂದು ಹೇಳಿಬಿಡುತ್ತಾರೆ. ಸಂತೆಯಲ್ಲಿ ಗಡಿಗೆ ಕೊಳ್ಳುವವರು ಮಾಡುವುದೂ ಇದನ್ನೇ. ಬೆರಳಿನಿಂದ ತಟ್ಟಿದಾಗ 'ಟಣ್' ಎಂದರೆ ಗಡಿಗೆ ಗಟ್ಟಿ, 'ಬದ್' ಎಂದರೆ ಎಲ್ಲೋ ಬಿರುಕು. ಘನವಸ್ತುವಿನ ಒಳಗಿನ ಸ್ಥಿತಿಯನ್ನು ಅದರ ಸದ್ದು ತಿಳಿಸುತ್ತದೆ ಎಂಬ ಭೌತವಿಜ್ಞಾನದ ಪಾಠ ನಮ್ಮ ಜನರಿಗೆ ಹೊಸದಲ್ಲ.

ಹೊಸದು ಬೇಕಾಗಿದ್ದುದು ನನಗೆ. ಪದವಿ ತರಗತಿಯಲ್ಲಿ ಪ್ರಾವಸ್ಥಾ ಪಲ್ಲಟವನ್ನು ಪಾಠ ಮಾಡುವಾಗ ಹಲವು ವರ್ಷ ನಾನು ಒಂದು ಉದಾಹರಣೆ ಕೊಡುತ್ತಿದ್ದೆ. "ಬಂಡೆಯ ಮೇಲೆ ಬೆಂಕಿ ಹಾಕಿದರೆ ಅದು ಸೀಳುತ್ತದೆ. ಏಕೆ? ಗ್ರಾನೈಟಿನಲ್ಲಿ ಬೆಣಚುಕಲ್ಲು, ಅಂದರೆ ಕ್ವಾರ್ಟ್ಸ್ ಇದೆ. ಅದು 573 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ರೂಪದಿಂದ ಇನ್ನೊಂದು ರೂಪಕ್ಕೆ ಬದಲಾಗುತ್ತದೆ, ಹಿಗ್ಗುತ್ತದೆ, ಕಲ್ಲು ಒಡೆಯುತ್ತದೆ." ಉದಾಹರಣೆ ಊರಿನದು, ಅಂಕಿ ಖಚಿತವಾದುದು. ವಿದ್ಯಾರ್ಥಿಗಳೂ ತಲೆಯಾಡಿಸುತ್ತಿದ್ದರು.

ಕೂಡ್ಲಿಗಿ ಕಡೆಯ ಒಬ್ಬ ವಿದ್ಯಾರ್ಥಿ ಮಾತ್ರ ತಲೆಯಾಡಿಸಲಿಲ್ಲ. ಅವನ ಅಜ್ಜ ಕಲ್ಲಿನ ಕೆಲಸದವರು. "ಸರ್, ಬೆಂಕಿ ಮ್ಯಾಲೆ ಇರ್ತೈತಿ, ಬಂಡೆ ಗೇಣುದ್ದ ತಳದಾಗ ಬಿಡ್ತೈತಿ ಅಂತ ನಮ್ಮಜ್ಜ ಹೇಳ್ತಾನ. ಅಷ್ಟು ಕಾವು ತಳಕ್ಕ ಹ್ಯಾಂಗ ಹೋಗ್ತೈತಿ?" ಎಂದು ಕೇಳಿದ. ಆ ದಿನ ನನ್ನ ಬಳಿ ಉತ್ತರವಿರಲಿಲ್ಲ.

ಉತ್ತರ ಹುಡುಕುತ್ತ ಹೋದಾಗ ಮೂರು ಬರಹಗಳನ್ನು ವಿಮರ್ಶೆಯ ಕಣ್ಣಿನಿಂದ ಓದಬೇಕಾಯಿತು. ಒಂದು, ನಾವು ಪ್ರತಿವರ್ಷ ಬೋಧಿಸುವ ಪಠ್ಯ. ಇನ್ನೊಂದು, 1940ರಲ್ಲಿ ಬೆಂಗಳೂರಿನಿಂದ ಹೊರಟ ಒಂದು ಪುಟ್ಟ ಪತ್ರ. ಮತ್ತೊಂದು, 1895ರ ಒಂದು ವರದಿ. ಮೂರನ್ನೂ ನಿಮ್ಮ ಮುಂದೆ ಇಡುತ್ತೇನೆ.

ಪಾಠದಲ್ಲಿ ಇಲ್ಲದ ಪಲ್ಲಟ

ಪದವಿಪೂರ್ವ ಭೌತಶಾಸ್ತ್ರದ ಪಾಠದಲ್ಲಿ ಸ್ಥಿತಿ ಬದಲಾವಣೆ ಎಂದರೆ ಮಂಜುಗಡ್ಡೆ ಕರಗುವುದು, ನೀರು ಕುದಿಯುವುದು, ಕರ್ಪೂರ ಆವಿಯಾಗುವುದು. ಜೊತೆಗೆ ಮೆಟ್ಟಿಲಿನಂತಹ ಒಂದು ನಕ್ಷೆ. ಉಷ್ಣತೆ ಏರುತ್ತದೆ, ಒಂದು ಬಿಂದುವಿನಲ್ಲಿ ನಿಲ್ಲುತ್ತದೆ, ಗುಪ್ತೋಷ್ಣ ಹೀರಿಕೊಳ್ಳುತ್ತದೆ, ಮತ್ತೆ ಏರುತ್ತದೆ. ಇದರಲ್ಲಿ ತಪ್ಪೇನೂ ಇಲ್ಲ. ಆದರೆ ಈ ನಕ್ಷೆಯೊಂದನ್ನೇ ನೋಡಿದ ವಿದ್ಯಾರ್ಥಿಯ ಮನಸ್ಸಿನಲ್ಲಿ ಎರಡು ತಪ್ಪು ಕಲ್ಪನೆಗಳು ಉಳಿಯುತ್ತವೆ. ಘನವಸ್ತು ಘನವಾಗಿಯೇ ಉಳಿದು ಬದಲಾಗಲಾರದು ಎಂಬುದು ಮೊದಲನೆಯದು. ಬದಲಾಗುವ ಕ್ಷಣದವರೆಗೆ ವಸ್ತು ಯಾವ ಮುನ್ಸೂಚನೆಯನ್ನೂ ಕೊಡುವುದಿಲ್ಲ ಎಂಬುದು ಎರಡನೆಯದು.

ಬೆಣಚುಕಲ್ಲು ಎರಡನ್ನೂ ಸುಳ್ಳಾಗಿಸುತ್ತದೆ. ಸುಮಾರು 570 ಡಿಗ್ರಿಯಲ್ಲಿ ಅದು ಥಟ್ಟನೆ ಹಿಗ್ಗುವುದನ್ನು 1889ರಲ್ಲಿ ಫ್ರಾನ್ಸಿನ ಲ ಶಾಟೆಲಿಯೆ ಕಂಡುಕೊಂಡರು. ಆ ಉಷ್ಣತೆಯ ಕೆಳಗಿನ ರೂಪಕ್ಕೆ ಆಲ್ಫಾ, ಮೇಲಿನದಕ್ಕೆ ಬೀಟಾ ಎಂದು ಹೆಸರು. 1925ರಲ್ಲಿ ಡಬ್ಲ್ಯು. ಎಚ್. ಬ್ರಾಗ್ ಮತ್ತು ಗಿಬ್ಸ್ ಕ್ಷಕಿರಣಗಳಿಂದ ಎರಡರ ರಚನೆಯನ್ನೂ ತಿಳಿಸಿದರು. ಒಂದು ಸಿಲಿಕಾನ್ ಪರಮಾಣುವಿನ ಸುತ್ತ ನಾಲ್ಕು ಆಕ್ಸಿಜನ್ ಪರಮಾಣುಗಳು ಸೇರಿ ಆಗುವ ಚತುರ್ಮುಖಿಗಳು ಮೂಲೆಗೆ ಮೂಲೆ ಜೋಡಿಸಿಕೊಂಡು ಈ ಸ್ಫಟಿಕವನ್ನು ಕಟ್ಟುತ್ತವೆ. ಬೀಟಾ ರೂಪದಲ್ಲಿ ಅವು ಸಮವಾಗಿ ನಿಂತಿರುತ್ತವೆ. ಆಲ್ಫಾ ರೂಪದಲ್ಲಿ ಪ್ರತಿಯೊಂದೂ ಸ್ವಲ್ಪ ಹೊರಳಿರುತ್ತದೆ. ಕೊಠಡಿಯ ಉಷ್ಣತೆಯಲ್ಲಿ ಈ ಹೊರಳು ಸುಮಾರು 16 ಡಿಗ್ರಿ ಕೋನ. ಪಲ್ಲಟದಲ್ಲಿ ಯಾವ ಬಂಧವೂ ಮುರಿಯುವುದಿಲ್ಲ. ಹೊರಳಿದ್ದವು ನೇರವಾಗುತ್ತವೆ, ಅಷ್ಟೆ.

ಈಗ ಮುನ್ಸೂಚನೆಯ ಮಾತು. ಚತುರ್ಮುಖಿಗಳು 573ಕ್ಕೆ ಬಂದಾಗ ಒಮ್ಮೆಗೇ ಎಚ್ಚರಗೊಳ್ಳುವುದಿಲ್ಲ. ಬಿಸಿ ಏರಿದಂತೆ ಹೊರಳು ಕಡಿಮೆಯಾಗುತ್ತಲೇ ಬರುತ್ತದೆ. ಮೊದಲು ನಿಧಾನವಾಗಿ, ಪಲ್ಲಟ ಸಮೀಪಿಸಿದಂತೆ ವೇಗವಾಗಿ. ಉಳಿದ ಕೊನೆಯ ಭಾಗ ಮಾತ್ರ ಒಂದೇ ನೆಗೆತದಲ್ಲಿ ಶೂನ್ಯಕ್ಕೆ ಹೋಗುತ್ತದೆ. ಆದ್ದರಿಂದ ಕೊಠಡಿಯ ಉಷ್ಣತೆಯಿಂದ ಪಲ್ಲಟದವರೆಗೆ ಕ್ವಾರ್ಟ್ಸಿನ ಗಾತ್ರ ಶೇಕಡಾ 4ಕ್ಕಿಂತ ಹೆಚ್ಚು ಹಿಗ್ಗುತ್ತದೆ. ಇದರ ಬಹುಪಾಲು ನಡೆಯುವುದು ಪಲ್ಲಟಕ್ಕೆ ಮೊದಲೇ. ಪಲ್ಲಟ ದಾಟಿದ ಮೇಲೆ ಬೀಟಾ ಕ್ವಾರ್ಟ್ಸ್ ಹಿಗ್ಗುವುದನ್ನೇ ಹೆಚ್ಚುಕಡಿಮೆ ನಿಲ್ಲಿಸಿಬಿಡುತ್ತದೆ. ವಿಶಿಷ್ಟೋಷ್ಣವೂ 573ರ ಕಡೆಗೆ ಏರುತ್ತ ಹೋಗಿ, ಅಲ್ಲಿ ಶಿಖರ ಮುಟ್ಟಿ, ಆಚೆಗೆ ಥಟ್ಟನೆ ಇಳಿಯುತ್ತದೆ.

ಸದ್ದು ಏನಾಗುತ್ತದೆ? ಘನವಸ್ತುವಿನಲ್ಲಿ ಶಬ್ದದ ವೇಗವು ಸ್ಥಿತಿಸ್ಥಾಪಕ ಗುಣಾಂಕವನ್ನು ಸಾಂದ್ರತೆಯಿಂದ ಭಾಗಿಸಿ ತೆಗೆದ ವರ್ಗಮೂಲ. ಕ್ವಾರ್ಟ್ಸಿನಲ್ಲಿ ಅದು ಎಕ್ಸ್ ಅಕ್ಷದ ಗುಂಟ ಸೆಕೆಂಡಿಗೆ ಸುಮಾರು 5700 ಮೀಟರ್. ಗಾತ್ರ ಶೇಕಡಾ 4 ಹಿಗ್ಗಿದರೆ ಸಾಂದ್ರತೆಯೂ ಅಷ್ಟೇ ಇಳಿಯುತ್ತದೆ. ಅದರಿಂದ ವೇಗ ಶೇಕಡಾ 2ರಷ್ಟು ಹೆಚ್ಚಬೇಕಿತ್ತು. ವಾಸ್ತವದಲ್ಲಿ ಆಗುವುದು ತಿರುವುಮುರುವು. ಪಲ್ಲಟದ ಸಮೀಪದಲ್ಲಿ ಈ ಉದ್ದಲೆಗಳ ವೇಗ ಕುಸಿಯುತ್ತದೆ, ದಾಟಿದ ಮೇಲೆ ಬೇಗನೆ ಚೇತರಿಸಿಕೊಳ್ಳುತ್ತದೆ. ಅಂದರೆ ಸ್ಫಟಿಕವೇ ಮೆತ್ತಗಾಗಿದೆ. ಹೊರಳಲು ಸಿದ್ಧವಾದ ಚತುರ್ಮುಖಿಗಳು ಅದುಮಿದರೆ ಸುಲಭವಾಗಿ ಹೊರಳಿಕೊಡುತ್ತವೆ. ಎಲ್ಲ ಅಲೆಗಳೂ ಹೀಗೆ ಸೊರಗುವುದಿಲ್ಲ. ಕೆಲವು ಅಡ್ಡಲೆಗಳ ವೇಗ ಅಷ್ಟಾಗಿ ಬದಲಾಗುವುದಿಲ್ಲ. ಯಾವ ಅಲೆ ಸೊರಗಿತು, ಯಾವುದು ಸೊರಗಲಿಲ್ಲ ಎಂಬುದರಿಂದಲೇ ಒಳಗೆ ಪರಮಾಣುಗಳು ಯಾವ ಕಡೆ ಸರಿಯುತ್ತಿವೆ ಎಂದು ಊಹಿಸಬಹುದು. ಗಡಿಗೆ ತಟ್ಟುವ ವಿದ್ಯೆಯ ಮುಂದುವರಿದ ರೂಪವಿದು.

ಪಠ್ಯದ ಕೊರತೆ ಇರುವುದು ಇಲ್ಲಿಯೇ. ಪಲ್ಲಟವನ್ನು ಅದು ಒಂದು ಬಿಂದುವಾಗಿ ತೋರಿಸುತ್ತದೆ. ಇಂತಹ ಸ್ಫಟಿಕಗಳಲ್ಲಿ ಅದು ಒಂದು ದಾರಿ.

1940ರ ಪತ್ರ

ಈ ದಾರಿಯನ್ನು ಬೆಳಕಿನಿಂದ ಹಿಂಬಾಲಿಸಿದ ಮೊದಲಿಗರಲ್ಲಿ ಇಬ್ಬರು ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದರು. ಸಿ. ವಿ. ರಾಮನ್ ಮತ್ತು ಅವರ ವಿದ್ಯಾರ್ಥಿ ಟಿ. ಎಂ. ಕೆ. ನೆಡುಂಗಾಡಿ. ಕ್ವಾರ್ಟ್ಸಿನ ಆಲ್ಫಾ-ಬೀಟಾ ರೂಪಾಂತರವನ್ನು ಕುರಿತ ಅವರ ಪತ್ರ 1940ರ ಜನವರಿಯಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟವಾಯಿತು. 1987ರಿಂದ ಪ್ರತಿವರ್ಷ ಫೆಬ್ರವರಿ 28ರಂದು ನಾವು ವಿಜ್ಞಾನ ದಿನ ಆಚರಿಸುತ್ತೇವೆ. 1928ರ ಶೋಧವನ್ನು ಹೊಗಳುತ್ತೇವೆ, 1930ರ ನೊಬೆಲ್ ಪ್ರಶಸ್ತಿಯನ್ನು ನೆನೆಯುತ್ತೇವೆ. ಬೆಂಗಳೂರಿನಲ್ಲೇ ನಡೆದ ಈ ಕೆಲಸದ ಹೆಸರನ್ನು ಆ ಭಾಷಣಗಳಲ್ಲಿ ನಾನು ಕೇಳಿದ್ದಿಲ್ಲ. ನಾನೂ ಹೇಳಿದವನಲ್ಲ.

ಪ್ರಯೋಗದ ವಿಚಾರ ಸರಳ. ಸ್ಫಟಿಕದ ಮೇಲೆ ಒಂದೇ ಬಣ್ಣದ ಬೆಳಕು ಹಾಯಿಸಿದರೆ ಚದರಿದ ಬೆಳಕಿನ ರೋಹಿತದಲ್ಲಿ ಹೊಸ ಗೆರೆಗಳು ಕಾಣುತ್ತವೆ. ಪ್ರತಿ ಗೆರೆಯೂ ಸ್ಫಟಿಕದ ಒಳಗಿನ ಒಂದು ಕಂಪನದ ಸಹಿ. ಮೂಲ ಗೆರೆಯಿಂದ ಅದು ಎಷ್ಟು ದೂರವಿದೆಯೋ ಕಂಪನದ ಆವೃತ್ತಿ ಅಷ್ಟು ಹೆಚ್ಚು. ಸ್ಫಟಿಕವನ್ನು ಅತಿಶೀತದಿಂದ ಪಲ್ಲಟದ ಸಮೀಪದವರೆಗೆ ಕಾಯಿಸುತ್ತ ಈ ಗೆರೆಗಳು ಏನಾಗುತ್ತವೆ ಎಂದು ಅವರು ನೋಡಿದರು. ಹೆಚ್ಚಿನ ಗೆರೆಗಳು ತುಸು ಅಗಲವಾದವು, ತುಸು ಜರುಗಿದವು, ಆದರೆ ತಮ್ಮ ಗುರುತು ಉಳಿಸಿಕೊಂಡವು. ಒಂದು ಗೆರೆ ಮಾತ್ರ ಬೇರೆ ದಾರಿ ಹಿಡಿಯಿತು. ಪತ್ರದಲ್ಲಿ 220 ಎಂದು ಕರೆದಿರುವ, ಕೊಠಡಿಯ ಉಷ್ಣತೆಯಲ್ಲಿ ಇಂದು ನಾವು 207 ಎಂದು ಗುರುತಿಸುವ ಗೆರೆ ಅದು. ಕಾವು ಏರಿದಂತೆ ಅದು ಮೂಲ ಗೆರೆಯ ಕಡೆಗೆ ಹರಡಿಕೊಂಡು, ಪಲ್ಲಟದ ಹತ್ತಿರ ಮಂಕು ಪಟ್ಟಿಯಾಯಿತು.

ಇದರಿಂದ ಅವರು ತೆಗೆದ ತೀರ್ಮಾನವೇ ಪತ್ರದ ಹೆಚ್ಚುಗಾರಿಕೆ. ಆ ಒಂದು ಕಂಪನವನ್ನು ಹಿಡಿದಿಡುವ ಬಲ ಬಿಸಿಯಾದಂತೆ ಬೇಗ ಬೇಗ ಕುಂದುತ್ತಿದೆ. ಕ್ವಾರ್ಟ್ಸಿನ ಗುಣಗಳು ವಿಚಿತ್ರವಾಗಿ ಬದಲಾಗುವುದಕ್ಕೂ ಕೊನೆಗೆ ರೂಪವೇ ಬದಲಾಗುವುದಕ್ಕೂ ಈ ಕಂಪನವೇ ವಿಶೇಷ ಕಾರಣವಾಗಿರಬೇಕು ಎಂದು ಅವರು ಬರೆದರು. ಸ್ಫಟಿಕದ ಕೋಟಿ ಕೋಟಿ ಕಂಪನಗಳಲ್ಲಿ ಒಂದನ್ನು ಬೊಟ್ಟು ಮಾಡಿ 'ಇದೇ' ಎಂದು ತೋರಿಸುವ ಧೈರ್ಯ ಅದು. ಸುಮಾರು ಇಪ್ಪತ್ತು ವರ್ಷಗಳ ನಂತರ, 1959-60ರ ವೇಳೆಗೆ, ಬ್ರಿಟನ್ನಿನ ಕೊಕ್ರನ್ ಮತ್ತು ಅಮೆರಿಕದ ಫಿಲಿಪ್ ಆಂಡರ್ಸನ್ ಬೇರೆ ಬೇರೆಯಾಗಿ ಈ ವಿಚಾರವನ್ನು ಸಿದ್ಧಾಂತವಾಗಿ ಬೆಳೆಸಿದರು. ಅಂತಹ ಕಂಪನಕ್ಕೆ ಇಂದು 'ಮೃದು ಕಂಪನ' ಎನ್ನುತ್ತೇವೆ. ಈ ವಿಷಯದ ಪ್ರೌಢ ಗ್ರಂಥಗಳು ರಾಮನ್-ನೆಡುಂಗಾಡಿ ಪತ್ರವನ್ನು ಇದರ ಮೊದಲ ದರ್ಶನಗಳಲ್ಲಿ ಒಂದೆಂದು ಗೌರವಿಸುತ್ತವೆ.

ಪತ್ರದ ಮಿತಿಗಳು

ಹೆಮ್ಮೆಪಡುವುದು ಸರಿ. ಆದರೆ ಹೆಮ್ಮೆಯೊಂದರಿಂದಲೇ ಓದಿದರೆ ಪತ್ರಕ್ಕೂ ನ್ಯಾಯ ಸಿಗದು, ವಿದ್ಯಾರ್ಥಿಗೂ ಸಿಗದು. ಮೂರು ಮಾತು ಹೇಳಬೇಕು.

ಮೊದಲನೆಯದಾಗಿ, ಕ್ವಾರ್ಟ್ಸಿನಲ್ಲಿ ಇಂತಹ ಗೆರೆಗಳನ್ನು ನೋಡಿದವರು ಅವರೊಬ್ಬರೇ ಅಲ್ಲ. 1928ರಲ್ಲಿ ಮಾಸ್ಕೋದ ಲಾಂಡ್ಸ್‌ಬರ್ಗ್ ಮತ್ತು ಮಾಂಡೆಲ್‌ಸ್ಟಾಮ್ ಇದೇ ಪರಿಣಾಮವನ್ನು ಸ್ವತಂತ್ರವಾಗಿ ಕಂಡದ್ದು ಕ್ವಾರ್ಟ್ಸಿನಲ್ಲೇ. ಬಿಸಿ ಮಾಡಿದಾಗ ಗೆರೆಗಳಲ್ಲಿ ಆಗುವ ಬದಲಾವಣೆಯನ್ನೂ ಅವರು ಪರೀಕ್ಷಿಸಿದ್ದರು. ಬೆಂಗಳೂರಿನ ಪತ್ರದ ಹಿರಿಮೆ ಆ ಗೆರೆಗೂ ಪಲ್ಲಟಕ್ಕೂ ನಂಟು ಹಾಕಿದ್ದರಲ್ಲಿದೆ.

ಎರಡನೆಯದಾಗಿ, ಆವೃತ್ತಿ ಶೂನ್ಯಕ್ಕೆ ಇಳಿಯುತ್ತದೆ ಎಂದು ಪತ್ರ ತೋರಿಸಿಲ್ಲ. ಗೆರೆ ಮಂಕಾಯಿತು ಎಂದು ಮಾತ್ರ ತೋರಿಸಿದೆ. ನಮ್ಮ ಕೆಲವು ಉಪನ್ಯಾಸಗಳಲ್ಲಿ 'ರಾಮನ್ ಆವೃತ್ತಿ ಶೂನ್ಯವಾಗುವುದನ್ನು ಕಂಡರು' ಎಂದು ಸೇರಿಸಿಕೊಳ್ಳುತ್ತೇವೆ. ಅದು ನಮ್ಮ ಸೇರ್ಪಡೆ. ಲೇಸರ್ ಬಂದ ಮೇಲೆ 1967ರಲ್ಲಿ ಶಪಿರೊ, ಓಶಿಯಾ ಮತ್ತು ಕಮಿನ್ಸ್ ಈ ರೋಹಿತವನ್ನು ಮತ್ತೆ ಎಚ್ಚರದಿಂದ ಅಳೆದರು. 147ರ ಬಳಿ ಇರುವ ಮಂಕಾದ ಇನ್ನೊಂದು ಪಟ್ಟಿಯೂ ಈ ಕಥೆಯಲ್ಲಿ ಸೇರಿದೆ ಎಂದು ತಿಳಿಯಿತು. ಅದು ಎರಡು ಕಂಪನಗಳು ಕೂಡಿ ಉಂಟುಮಾಡುವ ಪಟ್ಟಿ, 207ರ ಕಂಪನದೊಂದಿಗೆ ಅದು ಜೋಡಿಕೊಂಡಿದೆ ಎಂದು 1968ರಲ್ಲಿ ಸ್ಕಾಟ್ ವಾದಿಸಿದರು. 1970ರಲ್ಲಿ ಆಕ್ಸ್ ಮತ್ತು ಶಿರಾನೆ ನ್ಯೂಟ್ರಾನ್‌ಗಳಿಂದ ಬೀಟಾ ಬದಿಯಲ್ಲಿ ನೋಡಿದಾಗ, ಮೃದು ಕಂಪನ ಅಲ್ಲಿ ತೂಗಾಡುವ ಬದಲು ಜೇನಿನಲ್ಲಿ ಮುಳುಗಿದ ಲೋಲಕದಂತೆ ತೆವಳುತ್ತಿರುವುದು ಕಂಡಿತು. 1980ರ ದಶಕದಲ್ಲಿ ಇನ್ನೂ ಒಂದು ಅಚ್ಚರಿ. ಆಲ್ಫಾ ಮತ್ತು ಬೀಟಾಗಳ ನಡುವೆ ಒಂದೂವರೆ ಡಿಗ್ರಿಯಷ್ಟು ಕಿರಿದಾದ ಮೂರನೆಯ ಪ್ರಾವಸ್ಥೆ ಇದೆ ಎಂದು ಫ್ರಾನ್ಸಿನ ಬಾಷ್‌ಹೈಮರ್, ಡೋಲಿನೊ ಮುಂತಾದವರ ಕೆಲಸದಿಂದ ಖಚಿತವಾಯಿತು. ಒಂದು ಶತಮಾನ ಕಾಲ ಒಂದೇ ಮೆಟ್ಟಿಲು ಎಂದುಕೊಂಡದ್ದು ಎರಡು ಮೆಟ್ಟಿಲಾಗಿತ್ತು.

ಮೂರನೆಯ ಮಾತು ಹೇಳಲು ಸ್ವಲ್ಪ ಕಷ್ಟ. ಆ ಕಂಪನದ ಬಲ ಏಕೆ ಕುಂದುತ್ತದೆ ಎಂದು ಪತ್ರ ವಿವರಿಸುವುದಿಲ್ಲ. ಅದನ್ನು ವಿವರಿಸಲು ಬೇಕಾಗಿದ್ದುದು ಮ್ಯಾಕ್ಸ್ ಬಾರ್ನ್ ಮತ್ತಿತರರು ಕಟ್ಟಿದ್ದ ಸ್ಫಟಿಕಜಾಲದ ಕಂಪನಸಿದ್ಧಾಂತ. 1940ರ ದಶಕದಲ್ಲಿ ರಾಮನ್ ಆ ಸಿದ್ಧಾಂತವನ್ನು ಒಪ್ಪಲಿಲ್ಲ. ತಮ್ಮದೇ ಬೇರೆ ಸಿದ್ಧಾಂತ ಮಂಡಿಸಿ ಬಾರ್ನ್ ಜೊತೆ ದೀರ್ಘ ವಾಗ್ವಾದಕ್ಕೆ ಇಳಿದರು. ಮುಂದೆ ನ್ಯೂಟ್ರಾನ್ ಪ್ರಯೋಗಗಳು ಬಾರ್ನ್ ಪರವಾಗಿ ನಿಂತವು. ಕೊಕ್ರನ್ ಮೃದು ಕಂಪನದ ಲೆಕ್ಕವನ್ನು ಕಟ್ಟಿದ್ದೂ ಅದೇ ತಳಹದಿಯ ಮೇಲೆ. ತಮ್ಮ ಕಣ್ಣು ಕಂಡದ್ದನ್ನು ವಿವರಿಸಬಲ್ಲ ಸಿದ್ಧಾಂತಕ್ಕೆ ರಾಮನ್ ಬಾಗಿಲು ಮುಚ್ಚಿದ್ದರು. ದೊಡ್ಡ ವಿಜ್ಞಾನಿಯನ್ನು ಸಣ್ಣವರನ್ನಾಗಿಸಲು ಈ ಮಾತು ಹೇಳುತ್ತಿಲ್ಲ. ನೋಟ ಎಷ್ಟೇ ತೀಕ್ಷ್ಣವಾಗಿದ್ದರೂ ಸಿದ್ಧಾಂತದ ಕಡೆಗೆ ಮನಸ್ಸು ತೆರೆದಿರಬೇಕು ಎಂಬ ಪಾಠವನ್ನು ವಿಜ್ಞಾನ ದಿನದಂದೇ ನಮ್ಮ ಮಕ್ಕಳಿಗೆ ಹೇಳಬಹುದಲ್ಲವೆ?

ಬಂಡೆಯ ಲೆಕ್ಕ

ಈಗ ವಿದ್ಯಾರ್ಥಿಯ ಪ್ರಶ್ನೆಗೆ ಬರೋಣ. ಬೆಂಗಳೂರಿನ ಬಳಿ ಬೆಂಕಿಯಿಂದ ಗ್ರಾನೈಟ್ ಎಬ್ಬಿಸುವ ವಿಧಾನವನ್ನು ಎಚ್. ವಾರ್ತ್ ಎಂಬುವರು 1895ರ 'ನೇಚರ್' ಪತ್ರಿಕೆಯಲ್ಲಿ ವರ್ಣಿಸಿದ್ದಾರೆ. ಸಮತಟ್ಟಾದ ಬಂಡೆಯ ಮೇಲೆ ಸುಮಾರು 7 ಅಡಿ ಉದ್ದದ ಸೌದೆ ಬೆಂಕಿಯ ಸಾಲು. ಕೆಲಸಗಾರರು ಬೆಂಕಿಯ ಮುಂದಿನ ಕಲ್ಲನ್ನು ಸುತ್ತಿಗೆಯಿಂದ ತಟ್ಟುತ್ತ ಇರುತ್ತಾರೆ. ಅಡಿಯಲ್ಲಿ ಕಲ್ಲು ಬಿಟ್ಟಿದೆ ಎಂದು ಸದ್ದು ತಿಳಿಸಿದೊಡನೆ ಬೆಂಕಿಯನ್ನು ಕೆಲವು ಅಂಗುಲ ಮುಂದೆ ತಳ್ಳುತ್ತಾರೆ. ಸಾಲು ಬೆಳೆದು 25 ಅಡಿಯಾಗುತ್ತದೆ. ಗಂಟೆಗೆ ಸುಮಾರು 6 ಅಡಿಯಂತೆ 8 ಗಂಟೆ ಸಾಗುತ್ತದೆ. ಬೆಂಕಿ ಹಾದುಹೋದದ್ದು 460 ಚದರ ಅಡಿ. ಆದರೆ ಸೀಳು ಎರಡೂ ಬದಿಗೆ ಮೂರು ಮೂರು ಅಡಿ ಆಚೆಗೂ ಹಬ್ಬಿ 740 ಚದರ ಅಡಿಯ ಚಪ್ಪಡಿ ಬಿಡುಗಡೆಯಾಗುತ್ತದೆ. ದಪ್ಪ ಸರಾಸರಿ 5 ಅಂಗುಲ. ಒಂದು ಪಾಲು ಸೌದೆಗೆ ತೂಕದಲ್ಲಿ ಮೂವತ್ತು ಪಾಲು ಕಲ್ಲು.

ಈ ಅಂಕಿಗಳನ್ನು ಪರೀಕ್ಷಿಸೋಣ. ಬೆಂಕಿಯ ಸಾಲು ಒಂದಡಿ ಅಗಲ ಎಂದಿಟ್ಟುಕೊಳ್ಳಿ. ಗಂಟೆಗೆ 6 ಅಡಿಯ ವೇಗದಲ್ಲಿ ಯಾವುದೇ ಜಾಗದ ಮೇಲೆ ಅದು ಇರುವುದು ಹತ್ತು ನಿಮಿಷ. ಗ್ರಾನೈಟಿನ ಉಷ್ಣ ವಿಸರಣಾಂಕ ಸೆಕೆಂಡಿಗೆ ಸುಮಾರು 1 ಚದರ ಮಿಲಿಮೀಟರ್. 600 ಸೆಕೆಂಡುಗಳಲ್ಲಿ ಕಾವು ಇಳಿಯುವ ಆಳದ ಅಳತೆಗೋಲು 600ರ ವರ್ಗಮೂಲ, ಅಂದರೆ ಎರಡೂವರೆ ಸೆಂಟಿಮೀಟರ್. ಚಪ್ಪಡಿ ಬಿಟ್ಟಿದ್ದು ಹನ್ನೆರಡೂವರೆ ಸೆಂಟಿಮೀಟರ್ ಆಳದಲ್ಲಿ. ಮೇಲ್ಮೈ ಪೂರ್ತಿ 1000 ಡಿಗ್ರಿ ಏರಿದರೂ ಆ ಆಳದಲ್ಲಿ ಹತ್ತು ನಿಮಿಷದೊಳಗೆ ಒಂದು ಡಿಗ್ರಿಯೂ ಏರದು. ಸಾಲು ಮೂರಡಿ ಅಗಲವೆಂದರೂ, ಅಂದರೆ ಅರ್ಧ ಗಂಟೆ ಉರಿದರೂ, ಏರುವುದು ನಲವತ್ತು ಡಿಗ್ರಿಯ ಒಳಗೆ. 573 ಎಲ್ಲಿ, 40 ಎಲ್ಲಿ? ಲೆಕ್ಕವೇ ಬೇಡವೆಂದರೂ ಒಂದು ಸಾಕ್ಷಿ ಇದೆ. ಬೆಂಕಿಯೇ ಬೀಳದ ಮೂರಡಿ ಆಚೆಯ ಕಲ್ಲೂ ಬಿಟ್ಟಿದೆ. ಅಲ್ಲಿ ಯಾವ ಕ್ವಾರ್ಟ್ಸೂ ರೂಪ ಬದಲಿಸಿಲ್ಲ.

ಹಾಗಾದರೆ ಕಲ್ಲು ಸೀಳಿದ್ದು ಹೇಗೆ? ಮೇಲಿನ ಪದರ ಕಾದು ಹಿಗ್ಗಲು ನೋಡುತ್ತದೆ. ಗ್ರಾನೈಟ್ 300 ಡಿಗ್ರಿ ಕಾದರೆ ಮೀಟರಿಗೆ ಎರಡು ಎರಡೂವರೆ ಮಿಲಿಮೀಟರಿನಷ್ಟು ಉದ್ದವಾಗಬೇಕು. ಕೆಳಗಿನ ಮತ್ತು ಸುತ್ತಲಿನ ತಣ್ಣನೆಯ ಕಲ್ಲು ಅದಕ್ಕೆ ಜಾಗ ಕೊಡುವುದಿಲ್ಲ. ಪದರ ಮೇಲಕ್ಕೆ ಉಬ್ಬಲು ಹವಣಿಸುತ್ತದೆ, ಮೇಲ್ಮೈಗೆ ಸಮಾಂತರವಾಗಿ ಸೀಳು ಓಡುತ್ತದೆ. ಕಾರಣ ಕಾವಿನ ವ್ಯತ್ಯಾಸವೇ ಹೊರತು ಪಲ್ಲಟವಲ್ಲ. ಬೆಂಕಿಯ ಅಡಿಯಲ್ಲಿ ಕಾಲಂಗುಲಕ್ಕೂ ತೆಳುವಾದ ಸಿಪ್ಪೆಗಳು ಸಿಡಿಯುತ್ತವೆ ಎಂದೂ ವರದಿ ಹೇಳುತ್ತದೆ. 573 ಡಿಗ್ರಿಗೆ ಏನಾದರೂ ಪಾತ್ರ ಇದ್ದರೆ ಅದು ಆ ಸಿಪ್ಪೆಗಳಲ್ಲಿ ಇರಬಹುದು.

ಆದರೂ ಬೆಣಚುಕಲ್ಲನ್ನು ಪೂರ್ತಿ ಬಿಟ್ಟುಬಿಡುವಂತಿಲ್ಲ. ಗ್ರಾನೈಟಿನಲ್ಲಿ ಕ್ವಾರ್ಟ್ಸಿನ ಪಕ್ಕದಲ್ಲೇ ಫೆಲ್ಡ್‌ಸ್ಪಾರ್ ಕಣಗಳಿವೆ. ಅವು ಹಿಗ್ಗುವುದು ಕ್ವಾರ್ಟ್ಸಿಗಿಂತ ಬಹಳ ಕಡಿಮೆ. ಕ್ವಾರ್ಟ್ಸ್ ತನ್ನ ಪಲ್ಲಟದ ದಾರಿಯಲ್ಲಿ ಇನ್ನೂ 200, 300 ಡಿಗ್ರಿಯಲ್ಲಿ ಇರುವಾಗಲೇ ನೆರೆಯ ಕಣಗಳನ್ನು ತಳ್ಳತೊಡಗುತ್ತದೆ. ಕಣಗಳ ನಡುವೆ ಕೂದಲೆಳೆಯ ಬಿರುಕುಗಳು ಮೂಡುತ್ತವೆ. ಕಲ್ಲಿನ ಸದ್ದು 'ಟಣ್' ಹೋಗಿ 'ಬದ್' ಆಗುತ್ತದೆ. ಬೆಂಕಿಗೆ ಸಿಕ್ಕ ಕಟ್ಟಡದ ಕಲ್ಲು, ಕಾಂಕ್ರೀಟುಗಳನ್ನು ಶ್ರವಣಾತೀತ ಶಬ್ದದ ವೇಗ ಅಳೆದು ಪರೀಕ್ಷಿಸುವುದು ಇದೇ ಕಾರಣಕ್ಕೆ. 573ರಲ್ಲಿ ಏನಾಗುತ್ತದೆ ಎಂಬುದಕ್ಕಿಂತ ಅದಕ್ಕೆ ಮುನ್ನ ಏನಾಗುತ್ತದೆ ಎಂಬುದು ಇಲ್ಲಿ ಮುಖ್ಯ. 1940ರ ಪತ್ರವೂ ಹೇಳುವುದು ಅದನ್ನೇ. ನಾನು ಅಂಕಿಯನ್ನು ಬಾಯಿಪಾಠ ಮಾಡಿ ಅದರ ಅರ್ಥವನ್ನು ಬಿಟ್ಟಿದ್ದೆ.

ತರಗತಿಯಲ್ಲಿ ಏನು ಮಾಡಬಹುದು?

ಮೊದಲು ಎಚ್ಚರಿಕೆ. ಕಲ್ಲನ್ನು ಬೆಂಕಿಗೆ ಹಾಕಿ ತೋರಿಸಬೇಡಿ. ಸಿಡಿದ ಚೂರು ಕಣ್ಣಿಗೆ ಬಡಿಯುತ್ತದೆ.

ಪದವಿ ಕಾಲೇಜಿನಲ್ಲಿ ಮಫಲ್ ಕುಲುಮೆ ಇದ್ದರೆ ನುಣ್ಣಗೆ ಅರೆದು ಒಣಗಿಸಿದ ಬೆಣಚುಕಲ್ಲಿನ ಪುಡಿ ಮತ್ತು ಅಲ್ಯೂಮಿನಾ ಪುಡಿಯನ್ನು ಎರಡು ಮೂಸೆಗಳಲ್ಲಿಟ್ಟು, ಎರಡಕ್ಕೂ ಉಷ್ಣಯುಗ್ಮ ಇಳಿಬಿಟ್ಟು, ನಿಧಾನವಾಗಿ ಕಾಯಿಸಿ. ಎರಡರ ಉಷ್ಣತೆಯ ವ್ಯತ್ಯಾಸವನ್ನು ಗುರುತಿಸುತ್ತ ಹೋದರೆ 573ರ ಬಳಿ ಪುಟ್ಟ ತಗ್ಗು ಕಾಣುತ್ತದೆ. ತಣಿಸುವಾಗ ಅದೇ ಜಾಗದ ಬಳಿ ಉಬ್ಬು. ಕುಲುಮೆ ಇಲ್ಲದ ಪ್ರೌಢಶಾಲೆಯಲ್ಲಿ ಕುಂಬಾರರನ್ನು ಮಾತಾಡಿಸಲು ಮಕ್ಕಳನ್ನು ಕಳುಹಿಸಿ. ಆವಿಗೆ ಆರುವ ಮೊದಲೇ ಏಕೆ ಬಿಚ್ಚಬಾರದು ಎಂದು ಕೇಳಲಿ. ಜೇಡಿಯಲ್ಲಿರುವ ಮರಳಿನ ಪ್ರತಿ ಕಣವೂ ಚೆನ್ನಾಗಿ ಕಾದ ಆವಿಗೆಯಲ್ಲಿ ಏರುವಾಗ ಒಮ್ಮೆ, ಇಳಿಯುವಾಗ ಒಮ್ಮೆ 573 ದಾಟುತ್ತದೆ. ಇಳಿಯುವಾಗ ಅವಸರ ಮಾಡಿದರೆ ಗಡಿಗೆ ಬಿರಿಯುತ್ತದೆ. ಇಲ್ಲಿ ಪಲ್ಲಟದ ಪಾತ್ರ ನಿಜವಾದದ್ದು, ಏಕೆಂದರೆ ಗಡಿಗೆಯ ಗೋಡೆ ತೆಳು, ಕಾವು ಪೂರ್ತಿ ಒಳಹೊಕ್ಕಿರುತ್ತದೆ. ಒಂದೇ ಅಂಕಿ ಬಂಡೆಗೆ ಹೊಂದದೆ ಗಡಿಗೆಗೆ ಏಕೆ ಹೊಂದುತ್ತದೆ ಎಂದು ಮಕ್ಕಳೇ ಲೆಕ್ಕ ಹಾಕಲಿ.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ ಕಡೆಯ ಶಿಕ್ಷಕರು ಭೇಟಿಯಾದಾಗ 'ನಮ್ಮಲ್ಲಿ ಉಪಕರಣ ಎಲ್ಲಿದೆ ಸರ್?' ಎನ್ನುತ್ತಾರೆ. ಆ ಕೊರತೆ ನಿಜ, ಅದನ್ನು ಮುಚ್ಚಿಡಬೇಕಿಲ್ಲ. ಆದರೆ ನನ್ನ ಪಾಠವನ್ನು ತಿದ್ದಿದ್ದು ಉಪಕರಣವಲ್ಲ. ಅಜ್ಜನ ಮಾತನ್ನು ನಂಬಿ ಮೇಷ್ಟರನ್ನು ಪ್ರಶ್ನಿಸಿದ ಒಬ್ಬ ಹುಡುಗ. ಮುಂದಿನ ವಾರ ಅವನನ್ನೇ ಕಪ್ಪುಹಲಗೆಯ ಬಳಿ ನಿಲ್ಲಿಸಿ ಮೇಲಿನ ಲೆಕ್ಕ ಮಾಡಿಸಿದೆ. ಅಂದಿನಿಂದ ಹಳೆಯ ಉದಾಹರಣೆಯನ್ನು ಬಿಟ್ಟಿಲ್ಲ. 'ಇದರಲ್ಲಿ ತಪ್ಪೆಲ್ಲಿದೆ, ಹುಡುಕಿ' ಎಂದು ಹೇಳಿ ಪಾಠ ಆರಂಭಿಸುತ್ತೇನೆ.